ಶಿಲ್ಪಿ ಯಾರೆಂದು ತಿಳಿದಿಲ್ಲ

ಮನಿಲಾದ ಸಂಸ್ಕೃತಿ ಆಯೋಗದಿಂದ ಮಿಸ್ ಎಸ್ಕಲಾಂತೆ ಬಂದುಹೋದ ಮಾರನೆಯ ದಿನವೇ ಪಯೆತೆಯ ಆ ಕಿರಿದಾದ ಬೀದಿಗೆ ಅಡ್ಡಲಾಗಿ ಬ್ಯಾನರು ಏರಿತು. "ಅಭಿನಂದನೆಗಳು ಮಾಂಗ್ ಸೆಲ್ಮೊ, ನಮ್ಮ ಊರಿನ ಮಗ, ದೇಶದ ಕಲಾವಿದ" ಎಂದು ಕೆಂಪಕ್ಷರದಲ್ಲಿ ಬರೆಸಿದ್ದರು. ಎಡಗಡೆ ಸೆಲ್ಮೊನ ಮುಖ, ಬಲಗಡೆ ಅದರ ಎರಡರಷ್ಟು ದೊಡ್ಡದಾಗಿ ವಾರ್ಡಿನ ಮುಖಂಡನ ಮುಖ. ಬಿರುದು ಇನ್ನೂ ಬಂದಿರಲಿಲ್ಲ. ಬರುತ್ತದೆಂದು ಯಾರೂ ಹೇಳಿರಲೂ ಇಲ್ಲ. ಒಬ್ಬ ಹೆಣ್ಣುಮಗಳು ಮನಿಲಾದಿಂದ ಬಂದು, ಮುದುಕನ ಜೊತೆ ಕಾಫಿ ಕುಡಿದು, ಪ್ರಶ್ನೆ ಕೇಳಿ ಹೋಗಿದ್ದಳು, ಅಷ್ಟೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಮ್ಮ ಜನರನ್ನು ಮೀರಿಸುವವರು ಈ ಏಳು ಸಾವಿರ ದ್ವೀಪಗಳ ಆಚೆ ಎಲ್ಲೂ ಸಿಗಲಿಕ್ಕಿಲ್ಲ.

ಲೂಮಿಂಗ್ ಆ ಬ್ಯಾನರಿನ ಕೆಳಗೆ ನಿಂತು ಮೇಲೆ ನೋಡಿದಳು. ಅಪ್ಪನ ಫೋಟೋ ಹಳೆಯದು, ಕೆನ್ನೆ ತುಂಬಿತ್ತು. ಹಿರಿಯರಿಗೆ ಸಲ್ಲುವ ಮಾಂಗ್ ಸೇರಿಸಿ ಊರು ಸೆಲ್ಮೊ ಎಂದು ಕರೆಯುವ ಅನ್ಸೆಲ್ಮೊ ದಿಮಗೀಬಾನಿಗೆ ಈಗ ಎಂಬತ್ತೈದು ದಾಟಿದೆ. ಹುಡುಗನಾಗಿದ್ದಾಗಿನಿಂದ ಸಂತರ ವಿಗ್ರಹ ಕೆತ್ತಿ ಕೆತ್ತಿ ಮರದ ಹುಡಿಯೆಲ್ಲ ಎದೆಯಲ್ಲಿ ಕೂತುಬಿಟ್ಟಿದೆ. ನಾಲ್ಕು ಮಾತಾಡಿದರೆ ಎರಡು ಸಲ ಕೆಮ್ಮಬೇಕು. ಇನ್ನೊಂದು ಮಳೆಗಾಲ ಕಂಡರೆ ಹೆಚ್ಚು ಎಂದು ಡಾಕ್ಟರು ಲೂಮಿಂಗಳನ್ನು ಮಾತ್ರ ಹೊರಗೆ ಕರೆದು ಹೇಳಿದ್ದರು. ಅವಳು ಅವನ ಒಬ್ಬಳೇ ಮಗಳು, ಅರವತ್ತರ ಹತ್ತಿರದವಳು. ಅಪ್ಪ ಕೆತ್ತಿದ ವಿಗ್ರಹಕ್ಕೆ ಚರ್ಮದ ಬಣ್ಣ, ಗಾಯದ ಬಣ್ಣ, ತುಟಿಯ ಬಣ್ಣ ಹಚ್ಚುವುದೇ ಅವಳ ಕಸುಬು. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಒಂದು ಊರಿನ ಸಂತನಿಗೆ ಬಣ್ಣ ಒಣಗುವುದು ಬಾಕಿ ಇರುತ್ತಿತ್ತು.

ದೇಶದ ಕಲಾವಿದ ಎಂದರೆ ಸಣ್ಣ ಮಾತಲ್ಲ. ರಾಷ್ಟ್ರಪತಿಯೇ ಕೊರಳಿಗೆ ಪದಕ ಹಾಕುತ್ತಾರೆ. ಸತ್ತ ಮೇಲೆ ವೀರರ ಸ್ಮಶಾನದಲ್ಲಿ ಸೈನಿಕರ ಪಕ್ಕ ಮಣ್ಣು ಮಾಡಿ ಗುಂಡು ಹಾರಿಸುತ್ತಾರೆ.

"ಗುಂಡುಗಿಂಡು ಬೇಡ ಅಂತ ಹೇಳು ಅವರಿಗೆ," ಎಂದಿದ್ದ ಸೆಲ್ಮೊ. "ನಾಯಿಗಳು ಹೆದರ್ತವೆ."

ಹಾಗೆಂದವನು ಅದೇ ಸಂಜೆ, "ನನ್ನ ಬರೋಂಗ್ ಅಂಗಿ ಎಲ್ಲಿಟ್ಟಿದ್ದೀಯ? ಮಡಿಕೆ ಬಿದ್ದಿರುತ್ತೆ, ಒಂದ್ಸಲ ಇಸ್ತ್ರಿ ಆಡ್ಸು," ಎಂದ. ಲೂಮಿಂಗಳಿಗೆ ಅರ್ಥವಾಯಿತು. ಅಪ್ಪನಿಗೆ ಆ ಬಿರುದು ಬೇಕಾಗಿತ್ತು. ಪದಕಕ್ಕಲ್ಲ, ಗುಂಡಿಗಲ್ಲ. ಸಾಯುವುದರೊಳಗೆ ಯಾರಾದರೂ ಒಂದು ವಿಗ್ರಹದ ಮುಂದೆ ನಿಂತು, ಇದನ್ನು ಅನ್ಸೆಲ್ಮೊ ದಿಮಗೀಬಾ ಮಾಡಿದ ಎಂದು ಗಟ್ಟಿಯಾಗಿ ಹೇಳಬೇಕಿತ್ತು.

ಅದೊಂದನ್ನೇ ಯಾರೂ ಹೇಳಿರಲಿಲ್ಲ. ಹೇಳುವಂತೆಯೂ ಇರಲಿಲ್ಲ. ಪಾದದಡಿ ಮನುಷ್ಯನ ಹೆಸರಿರುವ ಸಂತನಿಗೆ ಮೊರೆ ಕೇಳಿಸುವುದಿಲ್ಲ ಎಂದು ಕೆತ್ತುವವರ ಮನೆಗಳಲ್ಲಿ ಹಿರಿಯರು ಹೇಳುತ್ತಾರೆ, ಹಾಗಾಗಿ ಯಾರೂ ಹೆಸರು ಕೆತ್ತುವುದಿಲ್ಲ. ಮೇಲಾಗಿ ಸೆಲ್ಮೊನ ಕೆಲಸವನ್ನೆಲ್ಲ ಮನಿಲಾದ ಒಬ್ಬ ಹಳೆ ಸಾಮಾನಿನ ವ್ಯಾಪಾರಿ ಕೊಳ್ಳುತ್ತಿದ್ದ. ಅವನು ಹೊಸ ವಿಗ್ರಹವನ್ನು ಒದ್ದೆ ಮಣ್ಣಲ್ಲಿ ಹೂತು, ಹೊಗೆ ಹಾಕಿ, ಮೂಗಿನ ತುದಿ ಒಡೆದು, ಸ್ಪೇನಿನವರ ಕಾಲದ್ದು ಎಂದು ಶ್ರೀಮಂತರಿಗೆ ಮಾರುತ್ತಿದ್ದ. ಈಗ ಆ ವ್ಯಾಪಾರಿಯೂ ಇಲ್ಲ. ಸೆಲ್ಮೊನ ಸಂತರು ಮಾತ್ರ ದೊಡ್ಡ ಮನೆಗಳ ಗಾಜಿನ ಕಪಾಟುಗಳಲ್ಲಿ ಇನ್ನೂರು ವರ್ಷದ ಮುದುಕರಾಗಿ ನಿಂತಿದ್ದಾರೆ. ಮಕ್ಕಳು ಅಪ್ಪನಿಗಿಂತ ಹಿರಿಯರಾದರೆ ಅಪ್ಪನ ಹೆಸರು ಹೇಳುವವರು ಯಾರು?

ಮಿಸ್ ಎಸ್ಕಲಾಂತೆ ಕೇಳಿದ್ದೂ ಅದನ್ನೇ. ಒಳ್ಳೆಯ ಹೆಂಗಸು, ಕಣ್ಣಿನ ಕೆಳಗೆ ಕಪ್ಪು ಕಟ್ಟುವಷ್ಟು ಓಡಾಡುವವಳು.

"ನನಗೆ ಒಂದೇ ಒಂದು ತೋರಿಸಿ, ಮಾಂಗ್ ಸೆಲ್ಮೊ," ಎಂದಿದ್ದಳು. "ಜನ ನೋಡೋ ಜಾಗದಲ್ಲಿ ಇರೋದು. ಇದು ನಂದು ಅಂತ ನೀವು ಕೈ ಇಟ್ಟು ಹೇಳೋ ಅಂಥದ್ದು. ಅಷ್ಟಿದ್ರೆ ಉಳಿದದ್ದು ನಾನು ನೋಡ್ಕೋತೀನಿ."

ಸೆಲ್ಮೊ ಕಿಟಕಿಯಾಚೆ ಸರೋವರದ ಕಡೆ ನೋಡಿದ. "ಅಂಥದ್ದು ಯಾವುದೂ ಇಲ್ಲ, ಮಿಸ್. ಇನ್ನೊಂದು ಲೋಟ ಕಾಫಿ ತಗೊಳ್ಳಿ."

ಇದೆ ಎಂದು ಲೂಮಿಂಗಳಿಗೆ ಗೊತ್ತಿತ್ತು. ಅಪ್ಪ ನೋಡುತ್ತಿದ್ದ ದಿಕ್ಕಿನಲ್ಲೇ ಇತ್ತು, ಸರೋವರದ ಆಚೆ ದಡದ ಕಾಲಿನಾವನ್ ಊರಿನ ಚರ್ಚಿನಲ್ಲಿ, ಗಾಜಿನ ಶವಪೆಟ್ಟಿಗೆಯೊಳಗೆ ಮಲಗಿತ್ತು.

ಕಾಲಿನಾವನ್ನಿನ ಸತ್ತ ಕ್ರಿಸ್ತನೆಂದರೆ ಸುತ್ತಿನ ಹತ್ತೂರಿಗೆ ಗೊತ್ತು. ಶಿಲುಬೆಯಿಂದ ಇಳಿಸಿದ ಸ್ವಾಮಿಯ ಆಳೆತ್ತರದ ಮೂರ್ತಿ, ಸೊಂಟಕ್ಕೂ ಮೊಣಕಾಲಿಗೂ ಕೀಲುಗಳಿವೆ. ಶುಭ ಶುಕ್ರವಾರದ ಮೆರವಣಿಗೆಗೆ ಮುಂಚೆ ಬುಧವಾರ ಅದನ್ನು ಪೆಟ್ಟಿಗೆಯಿಂದ ಎತ್ತಿ, ಕುರ್ಚಿಯ ಮೇಲೆ ಕೂರಿಸಿ, ಮನೆಯ ಹಿರಿಯನೊಬ್ಬ ತೀರಿಕೊಂಡಂತೆ ಮೈ ತೊಳೆದು, ಒಣಗಿದ ಲಾನ್ಸೋನೆಸ್ ಹಣ್ಣಿನ ಸಿಪ್ಪೆಯ ಹೊಗೆ ಹಾಕುತ್ತಾರೆ. ಮೈ ಒರೆಸಿದ ಹತ್ತಿಯನ್ನು ಜನ ಸಾಲುಗಟ್ಟಿ ಒಯ್ಯುತ್ತಾರೆ. ನೋವಿರುವ ಕಡೆ ಅದನ್ನು ಒತ್ತಿಕೊಳ್ಳುತ್ತಾರೆ. ಮುನ್ನೂರು ವರ್ಷದ ಮೂರ್ತಿ ಎಂದು ಊರು ನಂಬಿದೆ.

ಲೂಮಿಂಗ್ ಹದಿನಾರರ ಹುಡುಗಿಯಾಗಿದ್ದಾಗ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಕಳ್ಳರು ಆ ಹಳೆಯ ಮೂರ್ತಿಯನ್ನು ಎತ್ತಿಕೊಂಡು ಹೋಗಿದ್ದರು. ಮೊದಲು ಕಂಡವರು ಪಾದ್ರಿ ಗವೀನೊ. ಕೂಗಿ ಊರು ಸೇರಿಸಬೇಕಾದವರು ಬಾಗಿಲು ಹಾಕಿಕೊಂಡು ಅತ್ತರಂತೆ. ಆ ದಿನಗಳಲ್ಲಿ ಚರ್ಚಿನ ಮೂರ್ತಿಗಳಿಗೆಲ್ಲ ನೇರಳೆ ಬಟ್ಟೆ ಹೊದಿಸುವುದು ಪದ್ಧತಿ. ಪಾದ್ರಿಗಳು ಪೆಟ್ಟಿಗೆಯೊಳಗೆ ದಿಂಬುಗಳನ್ನು ಉದ್ದಕ್ಕೆ ಮಲಗಿಸಿ, ಮೇಲೆ ನೇರಳೆ ಬಟ್ಟೆ ಹೊದಿಸಿದರು. ಊರಿನ ಜನ ಬಂದು ದಿಂಬಿಗೆ ಮೊಣಕಾಲೂರಿ ಹೋದರು. ಪಾದ್ರಿಗಳು ಪಯೆತೆಗೆ ಬಂದು ಸೆಲ್ಮೊನ ಮುಂದೆ ಕೈ ಮುಗಿದರು.

ಚರ್ಚಿನ ಹಿಂದಿನ ಉಗ್ರಾಣದಲ್ಲಿ ಕೆಲಸ ನಡೆಯಿತು. ಹಸಿ ಮರ ತಂದರೆ ಈಸ್ಟರಿನೊಳಗೆ ಬಿರುಕು ಬಿಡುತ್ತದೆಂದು ಸೆಲ್ಮೊ ಅಲ್ಲೇ ಮೂಲೆಯಲ್ಲಿ ಬಿದ್ದಿದ್ದ ಒಂದು ತೊಲೆ ಎಳೆದುಕೊಂಡ. ಅದು ಹಿಂದೆ ಯಾವುದೋ ಭೂಕಂಪದಲ್ಲಿ ಚರ್ಚಿನ ಮಾಡಿನಿಂದ ಕೆಳಗೆ ಬಿದ್ದದ್ದು. ಕಬ್ಬಿಣದಂಥ ಮೊಲಾವೆ ಮರ, ಉಳಿಯ ಬಾಯಿ ದಿನಕ್ಕೆರಡು ಸಲ ಮುರಿಯುತ್ತಿತ್ತು. ಆ ವರ್ಷವೇ ಸೆಲ್ಮೊನ ಅಪ್ಪ ತೀರಿಕೊಂಡಿದ್ದ. ಸತ್ತವನ ಬಾಯಿ ಹೇಗೆ ಸಡಿಲವಾಗುತ್ತದೆ, ಹೊಟ್ಟೆ ಹೇಗೆ ಒಳಗೆ ಹೋಗುತ್ತದೆ ಎಂದು ಅವನ ಕಣ್ಣಲ್ಲಿ ಇನ್ನೂ ಇತ್ತು. ತಾತನ ಸೊಟ್ಟ ಕಿರುಬೆರಳನ್ನು ಕೂಡ ಅವನು ಸ್ವಾಮಿಯ ಕೈಗೆ ಇಟ್ಟ. ಲೂಮಿಂಗ್ ಪಕ್ಕದಲ್ಲಿ ಕೂತು ಬಣ್ಣ ಅರೆದಳು. ಅಪ್ಪ ಕೆಲಸ ಮಾಡುತ್ತಾ ಅಳುವುದನ್ನು ಅವಳು ಅದೊಂದೇ ಸಲ ನೋಡಿದ್ದು. ಈ ಮೂರ್ತಿಗೆ ಯಾರೂ ಮೂಗು ಒಡೆಯುವುದಿಲ್ಲ, ಇದನ್ನು ಯಾರೂ ಮಾರುವುದಿಲ್ಲ, ಇದು ಜನರ ನಡುವೆ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು.

ಮುಗಿದ ದಿನ ಪಾದ್ರಿಗಳು ಇಬ್ಬರ ಕೈಯನ್ನೂ ಬೈಬಲ್ಲಿನ ಮೇಲೆ ಇಡಿಸಿ ಪ್ರಮಾಣ ಮಾಡಿಸಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಮಾತು ಅಲ್ಲಿ ಅಕ್ಷರಶಃ ನಿಜವಾಗಿತ್ತು.

ಆ ಬುಧವಾರ ಮೈ ತೊಳೆದ ಮುದುಕಿ, ಸ್ವಾಮಿಯ ಸೇವೆಯ ಹಕ್ಕಿದ್ದ ಮನೆತನದ ಹಿರಿಯಾಕೆ, ಕಣ್ಣಿಗೆ ಪೊರೆ ಬಂದವಳು. ಕಾಲು ಎತ್ತಿ ಹಿಡಿದು, "ಈ ವರ್ಷ ಸ್ವಾಮಿ ಭಾರ ಆಗಿದ್ದಾನೆ, ಪಾದ್ರಿ," ಎಂದಳು. "ನಮ್ಮ ಪಾಪ ಹೆಚ್ಚಾಗಿದೆಯಲ್ಲಮ್ಮ," ಎಂದರು ಪಾದ್ರಿಗಳು. ಅವಳು ಆ ಕಾಲನ್ನು ಬಹಳ ಹೊತ್ತು ಬಿಡಲಿಲ್ಲ. ಗೊತ್ತಾಯಿತೋ ಇಲ್ಲವೋ, ಆಮೇಲೆ ಏನೂ ಅನ್ನಲಿಲ್ಲ. ಉಳಿದವರು ಸ್ವಾಮಿಯ ಮುಖ ಈ ಸಲ ಹೆಚ್ಚು ದಣಿದಿದೆ ಎಂದು ಅತ್ತರು. ಆ ವರ್ಷದಿಂದಲೇ ಪವಾಡಗಳು ಶುರುವಾದವು. ನಡೆಯಲಾರದ ಮಗು ನಡೆಯಿತು, ಮಾತಾಡದ ಹೆಂಗಸು ಮಾತಾಡಿದಳು. ಬಸ್ಸುಗಳಲ್ಲಿ ಜನ ಬರತೊಡಗಿದರು.

ಇಷ್ಟನ್ನೂ ಲೂಮಿಂಗ್ ಅಂದೇ ಬಸ್ ನಿಲ್ದಾಣದವರೆಗೆ ಮಿಸ್ ಎಸ್ಕಲಾಂತೆಯ ಜೊತೆ ನಡೆದುಹೋಗುತ್ತಾ ಹೇಳಿಬಿಟ್ಟಳು. ನಲವತ್ತು ವರ್ಷಕ್ಕೂ ಮೀರಿ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದರೊಳಗೆ ಖಾಲಿಯಾಯಿತು. ಪ್ರಮಾಣ ಮುರಿದೆ ಎಂಬ ಭಯ ಆಮೇಲೆ ಬಂತು. ಮೊದಲು ಬಂದದ್ದು ಹಗುರ.

ಮಿಸ್ ಎಸ್ಕಲಾಂತೆ ಬಸ್ಸು ಹತ್ತಲಿಲ್ಲ. "ನಾನು ಆ ಮೂರ್ತಿ ನೋಡಿದ್ದೀನಿ," ಎಂದಳು ನಿಧಾನವಾಗಿ. "ಅದನ್ನ ರಾಷ್ಟ್ರದ ನಿಧಿ ಅಂತ ಘೋಷಣೆ ಮಾಡೋಕೆ ಶಿಫಾರಸು ಬರೆದವಳೇ ನಾನು. ಆ ಸೊಟ್ಟ ಬೆರಳಿನ ಮೇಲೆ ಎರಡು ಪುಟ ಬರೆದಿದ್ದೀನಿ."

"ಅದು ನಮ್ಮ ತಾತನ ಬೆರಳು."

"ಹಾಗಂತ ನಾನು ನಂಬ್ತೀನಿ, ಆತೆ ಲೂಮಿಂಗ್," ಎಂದಳು, ಅಕ್ಕ ಎಂದು ಕರೆಯುವ ಸಲುಗೆಯಲ್ಲಿ. " ಆಯೋಗದವರು ನಂಬಬೇಕಲ್ಲ. ಮೂರ್ತಿಯ ಬೆನ್ನಿಂದ ಒಂದು ಚೂರು ಮರ ತೆಗೆದು ಪ್ರಯೋಗಾಲಯಕ್ಕೆ ಕಳಿಸೋಣ. ರಕ್ಷಣೆಗೆ ಅಂತ ಹೇಳಿದ್ರೆ ಬಿಷಪ್ಪರು ಒಪ್ತಾರೆ. ವಿಜ್ಞಾನ ಹೇಳಿದ್ಮೇಲೆ ಯಾರೂ ಎದುರು ಮಾತಾಡಲ್ಲ."

ಲೂಮಿಂಗ್ ತಲೆಯಾಡಿಸಿದಳು. ಅಲ್ಲೇ ಅವಳು ಎಡವಿದ್ದು, ಪಾಪ, ಅದು ಅವಳಿಗೆ ತಿಳಿಯಲೂ ಇಲ್ಲ. ಕೆತ್ತುವವರ ಮನೆಯಲ್ಲಿ ಮರ ಒಣಗಿದೆಯೋ ಹಸಿಯೋ ಎಂದು ಕೇಳುತ್ತಾರೆ, ಹುಳ ಬಿದ್ದಿದೆಯೋ ಎಂದು ಕೇಳುತ್ತಾರೆ. ಮರ ಯಾವ ಕಾಲದ್ದು ಎಂದು ಕೇಳಿದವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೆತ್ತಿದ ದಿನವೇ ವಿಗ್ರಹದ ಹುಟ್ಟಿದ ದಿನ. ಅದಕ್ಕಿಂತ ಹಿಂದೆ ಅದು ತೊಲೆಯಾಗಿತ್ತೋ ಬಾಗಿಲಾಗಿತ್ತೋ ಯಾರಿಗೆ ಬೇಕು?

ಎಷ್ಟೋ ವಾರಗಳ ಮೇಲೆ ಫೋನು ಬಂತು. ಲೂಮಿಂಗ್ ಅಡುಗೆಮನೆಯಲ್ಲಿ ಶುಕ್ರವಾರದ ಹೆಸರುಕಾಳಿನ ಸಾರಿಗೆ ಒಣಮೀನು ಹುರಿಯುತ್ತಿದ್ದಳು.

"ಮರ ಹಳೇದು, ಆತೆ," ಎಂದಳು ಮಿಸ್ ಎಸ್ಕಲಾಂತೆ.

"ಎಷ್ಟು ಹಳೇದು?"

"ನಿಮ್ಮ ತಂದೆಯವರ ಮುತ್ತಾತನೂ ಹುಟ್ಟಿರ್ಲಿಲ್ಲ, ಅಷ್ಟು. ಅಸಲಿ ಅನ್ನೋದರಲ್ಲಿ ಅನುಮಾನವೇ ಇಲ್ಲ ಅಂತ ಬರೆದುಬಿಟ್ಟಿದ್ದಾರೆ."

ಉಗ್ರಾಣದ ಮೂಲೆ, ಧೂಳು ಹೊದ್ದ ಆ ತೊಲೆ, ಅದನ್ನು ಎಳೆಯಲು ತಾನೇ ಒಂದು ತುದಿ ಹಿಡಿದದ್ದು ಎಲ್ಲ ಒಂದೇ ಸಲ ಕಣ್ಣೆದುರು ಬಂತು. "ಅದು ಚರ್ಚಿನ ತೊಲೆ," ಎಂದಳು. "ಅಪ್ಪ ಚರ್ಚಿನ ಹಳೇ ತೊಲೆಯಲ್ಲೇ ಕೆತ್ತಿದ್ದು. ಅದಕ್ಕೇ ಹಾಗೆ ಬಂದಿದೆ. ಬಣ್ಣ ನೋಡೋಕೆ ಹೇಳಿ, ಬಣ್ಣ ನಂದು, ಪೇಟೆಯ ಅಂಗಡಿಯಲ್ಲಿ ತಂದದ್ದು."

"ಬಣ್ಣ ಹೊಸದು ಅಂತ ಅವರಿಗೂ ಗೊತ್ತು. ಹಳೇ ಮೂರ್ತಿಗಳಿಗೆ ಆಗಾಗ ಹೊಸ ಬಣ್ಣ ಹಚ್ತಾರಲ್ಲ, ಅದು ಲೆಕ್ಕಕ್ಕಿಲ್ಲ ಅಂದ್ರು."

"ತೊಲೆ ವಿಷಯ ಹೇಳಿ ಅವರಿಗೆ."

"ಯಾರು ಹೇಳಿದ್ರು ಅಂತ ಕೇಳ್ತಾರೆ."

"ನಾನೇ ಹೇಳ್ತಾ ಇದ್ದೀನಲ್ಲ."

"ನೀವು ಮಗಳು, ಆತೆ," ಎಂದಳು ಮಿಸ್ ಎಸ್ಕಲಾಂತೆ. ಕ್ಷಮೆ ಕೇಳುವವಳ ದನಿಯಲ್ಲಿ ಹೇಳಿದಳು, ಅದರಿಂದ ಇನ್ನೂ ಹೆಚ್ಚು ನೋವಾಯಿತು. ಒಣಮೀನು ತಳ ಹಿಡಿದು ಮನೆಯೆಲ್ಲ ಹೊಗೆಯಾಗಿತ್ತು.

ಇಂಥ ಮಾತು ಆಯೋಗದೊಳಗೆ ಉಳಿಯುತ್ತದೆಯೇ? ಯಾರೋ ಯಾರಿಗೋ ಹೇಳಿ, ಅವರು ಫೇಸ್‌ಬುಕ್ಕಿಗೆ ಹಾಕಿ, ಎರಡೇ ದಿನದಲ್ಲಿ ಸರೋವರದ ಸುತ್ತ ಸುದ್ದಿಯಾಯಿತು. ಪಯೆತೆಯ ಮುದುಕನೊಬ್ಬ ನಮ್ಮ ಸ್ವಾಮಿಯನ್ನು ತಾನೇ ಮಾಡಿದೆ ಎನ್ನುತ್ತಾನಂತೆ. ಹಾಗಾದರೆ ಆದಾಮನನ್ನೂ ಇವನೇ ಮಾಡಿರಬೇಕು ಎಂದೊಬ್ಬ ಬರೆದ. ಬಿರುದಿನ ಆಸೆಗೆ ದೇವರನ್ನೂ ಬಿಡಲಿಲ್ಲ ಎಂದು ಇನ್ನೊಬ್ಬ. ಲೂಮಿಂಗ್ ಅಪ್ಪನಿಗೆ ಫೋನು ನೋಡಲು ಬರುವುದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ದೋನ್ಯಾ ಪುರೀತಾ ಮನೆಗೇ ಬಂದಳು. ಅಂದು ಕಾಲು ಹಿಡಿದ ಕುರುಡು ಮುದುಕಿಯ ಮಗಳು ಇವಳು, ಈಗ ಸ್ವಾಮಿಯ ಮೈ ತೊಳೆಯುವ ಹಕ್ಕು ಇವಳದ್ದು. ಎಪ್ಪತ್ತು ದಾಟಿದ ಭಾರೀ ಹೆಂಗಸು, ಕೈಯಲ್ಲಿ ಬೀಸಣಿಗೆ. ಹೊಸ್ತಿಲಲ್ಲೇ ನಿಂತಳು. ಕೂರಿ ಎಂದರೆ ಕೂರಲಿಲ್ಲ.

"ಮಾಂಗ್ ಸೆಲ್ಮೊ, ನಿಮ್ಮನ್ನ ನಾನು ದೊಡ್ಡವರು ಅಂತ ತಿಳ್ಕೊಂಡಿದ್ದೆ. ನಮ್ಮಮ್ಮನ ಅಮ್ಮನ ಕಾಲದಿಂದ ಸ್ವಾಮಿ ಮೈ ತೊಳೆದ ಕೈ ಇದು. ನಿಮ್ಮ ಮಗಳು ಊರೂರು ಹೇಳ್ಕೊಂಡು ಬರ್ತಾಳಂತೆ, ನಾವು ತೊಳೆಯೋದು ನೀವು ಕೆತ್ತಿದ ಗೊಂಬೆ ಅಂತ."

ಸೆಲ್ಮೊ ಮಗಳ ಕಡೆ ತಿರುಗಿದ. ಕೈಯಲ್ಲಿದ್ದ ಉಳಿಯನ್ನು ಮಣೆಯ ಮೇಲಿಟ್ಟ. ಲೂಮಿಂಗ್ ನೆಲ ನೋಡಿದಳು, ಅದೇ ಉತ್ತರವಾಯಿತು.

"ನೀವೇ ನಿಮ್ಮ ಬಾಯಲ್ಲಿ ಹೇಳಿ," ಎಂದಳು ದೋನ್ಯಾ ಪುರೀತಾ. "ನೀವು ಕೆತ್ತಿದ್ರಾ?"

ಹೌದು ಎನ್ನು, ಅಪ್ಪಾ ಎಂದು ಲೂಮಿಂಗ್ ಮನಸ್ಸಿನಲ್ಲೇ ಬೇಡಿಕೊಂಡಳು. ಬೀದಿಯಲ್ಲಿ ಅಕ್ಕಪಕ್ಕದವರು ಸೇರಿದ್ದರು. ಒಂದು ಸಲ ಅನ್ನು, ಯಾರೂ ನಂಬದಿದ್ದರೂ ಪರವಾಗಿಲ್ಲ, ನಿನ್ನ ಬಾಯಿಂದ ಒಂದು ಸಲ ಬರಲಿ.

"ಇಲ್ಲ, ದೋನ್ಯಾ," ಎಂದ ಸೆಲ್ಮೊ. "ಅಷ್ಟು ಒಳ್ಳೆ ಕೈ ನಂದಲ್ಲ. ನನ್ನ ಮಗಳು ಬಣ್ಣದ ವಾಸನೆ ಕುಡಿದೂ ಕುಡಿದೂ ಏನೇನೋ ಅಂತಾಳೆ. ದೊಡ್ಡ ಮನಸ್ಸು ಮಾಡಿ, ಕ್ಷಮಿಸಿಬಿಡಿ."

ಬೀದಿಯಲ್ಲಿ ಯಾರೋ ನಕ್ಕರು. ದೋನ್ಯಾ ಪುರೀತಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಕಾರು ಹತ್ತಿದಳು.

"ಯಾಕಪ್ಪ ಹಾಗಂದೆ?" ಎಂದು ಕಾರು ಹೋದ ಮೇಲೆ ಲೂಮಿಂಗ್ ಕೇಳಿದಳು. ಸಿಟ್ಟು, ನಾಚಿಕೆ, ಅಳು ಮೂರೂ ಒಟ್ಟಿಗೆ ಬಂದಿದ್ದವು. "ನನ್ನ ಹುಚ್ಚಿ ಮಾಡಿದ್ದು ಇರ್ಲಿ. ನಿಂದು ನೀನು ಕಳ್ಕೊಂಡ್ಯಲ್ಲ."

"ಅವಳ ಕೈ ನೋಡಿದ್ಯ? ಬೀಸಣಿಗೆ ಹಿಡಿಯೋಕಾಗ್ದೆ ನಡುಗ್ತಿತ್ತು. ಅವಳಿಗೂ ಒಳಗೊಳಗೆ ಹೆದರಿಕೆ ಇದೆ ಕಣೇ. ಹೌದು ಅಂದ್ರೆ ಅವಳು ಮನೆಗೆ ಹೋಗಿ ಯಾರನ್ನ ತೊಳೀಬೇಕು?" ಕೆಮ್ಮು ಬಂತು. ನಿಂತ ಮೇಲೆ ಕೇಳಿದ, "ಮನಿಲಾದವರು ಏನಂದ್ರು?"

ಅವಳು ಪ್ರಯೋಗಾಲಯದ ವಿಷಯವೆಲ್ಲ ಹೇಳಿದಳು. ತೊಲೆಯ ಮಾತು ಬಂದಾಗ ಸೆಲ್ಮೊ ನಗತೊಡಗಿದ. ಮಣೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಬಿರುಕು ಬಿಡಬಾರ್ದು ಅಂತ ತಗೊಂಡೆ ಆ ತೊಲೆ," ಎಂದ. "ಬಿಡ್ಲೇ ಇಲ್ಲ ನೋಡು. ಒಂದು ಕೂದಲೆಳೆಯಷ್ಟೂ ಬಿಡ್ಲಿಲ್ಲ."

ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಲೂಮಿಂಗ್ ಅವನ ಬೆನ್ನು ನೀವುತ್ತಾ ಕೂತಳು. ಕೈಗೆ ಬೆನ್ನಿನ ಮೂಳೆಗಳು ಒಂದೊಂದಾಗಿ ಸಿಕ್ಕವು. ಏನು ಮಾಡಿದರೆ ಇದೆಲ್ಲ ಸರಿಹೋಗುತ್ತದೆ ಎಂದು ಯೋಚಿಸಿದಳು. ಏನೂ ಹೊಳೆಯಲಿಲ್ಲ. ನಿಜ ಹೇಳಿ ಸುಳ್ಳುಗಾರ್ತಿಯಾದವಳಿಗೆ ಉಳಿಯುವ ದಾರಿ ಯಾವುದು?

ಆ ವರ್ಷ ಬಿರುದು ಬೇರೆಯವರಿಗೆ ಹೋಯಿತು. ಬೀದಿಯ ಬ್ಯಾನರನ್ನು ಯಾರೋ ಸದ್ದಿಲ್ಲದೆ ಇಳಿಸಿದರು. ನಮ್ಮಲ್ಲಿ ಒಳ್ಳೆ ಟಾರ್ಪಾಲಿನ್ ಎಸೆಯುವ ಪದ್ಧತಿ ಇಲ್ಲ. ಪಕ್ಕದ ಮನೆಯವನು ಅದನ್ನು ತನ್ನ ಕಾಳಗದ ಹುಂಜಗಳ ಗೂಡಿಗೆ ಮಾಡು ಮಾಡಿಕೊಂಡ. ಬೆಳಿಗ್ಗೆ ಸೆಲ್ಮೊ ಹಲ್ಲುಜ್ಜಲು ಹಿತ್ತಲಿಗೆ ಬಂದರೆ ತನ್ನದೇ ಮುಖದ ಕೆಳಗೆ ಹುಂಜ ಕೂಗುತ್ತಿತ್ತು. "ಇವನಾದ್ರೂ ದಿನಾ ನನ್ನ ಹೆಸರಲ್ಲಿ ಕೂಗ್ತಾನೆ," ಎಂದ ಮಗಳಿಗೆ. ಅವಳಿಗೆ ನಗು ಬರಲಿಲ್ಲ.

ಪವಿತ್ರ ವಾರದ ಬುಧವಾರ ಕಾಲಿನಾವನ್ನಿನಲ್ಲಿ ಸಮಾರಂಭ ಇಟ್ಟುಕೊಂಡರು. ಸತ್ತ ಕ್ರಿಸ್ತನ ಮೂರ್ತಿ ಈಗ ರಾಷ್ಟ್ರದ ನಿಧಿ. ಚರ್ಚಿನ ಗೋಡೆಗೆ ಕಂಚಿನ ಫಲಕ ಹಾಕುವುದಿತ್ತು. ಹೋಗುವುದು ಬೇಡ ಎಂದು ಲೂಮಿಂಗ್ ಹಟ ಹಿಡಿದಳು. ಸೆಲ್ಮೊ ಇಸ್ತ್ರಿ ಮಾಡಿಸಿಟ್ಟ ಬರೋಂಗ್ ತೊಟ್ಟುಕೊಂಡು ಜೀಪ್ನಿಯ ಕಂಬಿ ಹಿಡಿದು ನಿಂತೇಬಿಟ್ಟ. ಒಬ್ಬನನ್ನೇ ಬಿಡುವುದು ಹೇಗೆ? ಅವಳೂ ಹತ್ತಿದಳು.

ಪ್ಲಾಸ್ಟಿಕ್ ಕುರ್ಚಿಗಳ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಮೇಯರು ಮಾತಾಡಿದರು. ಶಾಮಿಯಾನ ಕೊಟ್ಟವರಿಗೆ, ಊಟ ಕೊಟ್ಟವರಿಗೆ, ಹೂವು ಕೊಟ್ಟವರಿಗೆ, ಮೈಕು ಕೊಟ್ಟವರಿಗೆ ಹೆಸರು ಹಿಡಿದು ಧನ್ಯವಾದ ಹೇಳಿದರು. ಆಮೇಲೆ ಫಲಕದ ಪರದೆ ಸರಿಯಿತು. ಅದನ್ನು ಓದುವ ಸರದಿ ಮಿಸ್ ಎಸ್ಕಲಾಂತೆಯದಾಗಿತ್ತು. ಕಾಲ, ಮರ, ಶೈಲಿ ಎಲ್ಲವನ್ನೂ ಸ್ಪಷ್ಟವಾಗಿ ಓದಿದವಳು ಕೊನೆಯ ಸಾಲಿಗೆ ಬಂದಾಗ ದನಿ ತಗ್ಗಿಸಿದಳು. "ಶಿಲ್ಪಿ ಯಾರೆಂದು ತಿಳಿದಿಲ್ಲ." ಹಿಂದಿನ ಸಾಲಿನ ಕಡೆ ಅವಳು ನೋಡಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಸೆಲ್ಮೊನೂ ತಟ್ಟಿದ. ಎಲ್ಲರ ಕೈ ನಿಂತ ಮೇಲೂ ಅವನ ಕೈ ನಿಲ್ಲಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದಾಗ ಲೂಮಿಂಗ್ ಆ ಎರಡು ಕೈಗಳನ್ನು ಹಿಡಿದು ಅವನ ಮಡಿಲಿನಲ್ಲಿಟ್ಟಳು.

ಆಮೇಲೆ ಚರ್ಚಿನೊಳಗೆ ಸ್ವಾಮಿಯನ್ನು ಕುರ್ಚಿಯ ಮೇಲೆ ಕೂರಿಸಿದರು. ಕೆಂಡದ ಮೇಲೆ ಲಾನ್ಸೋನೆಸ್ ಸಿಪ್ಪೆ ಹಾಕಿದೊಡನೆ ಹೊಗೆ ತುಂಬಿತು. ಸಾಲು ಬಾಗಿಲಿನಾಚೆ ಬೀದಿಯವರೆಗೂ ಬೆಳೆದಿತ್ತು. ದೋನ್ಯಾ ಪುರೀತಾ ಸ್ವಾಮಿಯ ಪಕ್ಕ ನಿಂತು, ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಗಾಯಗಳನ್ನು ಒರೆಸಿ, ಒಂದೊಂದು ತುಣುಕು ಕೊಡುತ್ತಿದ್ದಳು.

ಲೂಮಿಂಗಳ ಸರದಿ ಬಂದಾಗ ದೋನ್ಯಾ ಪುರೀತಾಳ ಕೈ ನಿಂತಿತು. "ನಿಮಗ್ಯಾಕಮ್ಮ ಇದು?" ಎಂದಳು, ಹಿಂದಿನವರಿಗೂ ಕೇಳಿಸುವ ಹಾಗೆ. "ಮನೇಲಿ ಇನ್ನೊಂದು ಸ್ವಾಮಿ ಮಾಡ್ಕೊಂಡ್ರೆ ಆಯ್ತಪ್ಪ. ಮುಂದೆ ನಡೀರಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಮಾತು ಎಲ್ಲ ದೇಶಕ್ಕೂ ಒಂದೇ. ಸಾಲಿನಲ್ಲಿ ಕಿಸಕ್ ಎಂದು ನಗು ಹೊರಟಿತು. ಲೂಮಿಂಗ್ ಪಕ್ಕಕ್ಕೆ ಸರಿದಳು.

ಅಪ್ಪ ಮಾತ್ರ ಆಗಲೇ ಮೊಣಕಾಲೂರಿದ್ದ. ತಲೆ ಬಗ್ಗಿಸಿ ಏನೋ ಪಿಸುಗುಟ್ಟುತ್ತಿದ್ದ. ಅಷ್ಟರಲ್ಲಿ ಹೊಗೆ ನೇರ ಅವನ ಮುಖಕ್ಕೆ ಬಂತು. ಕೆಮ್ಮು ಹಿಡಿಯಿತು, ಬಿಡಲಿಲ್ಲ. ಏಳಲು ಹೋದ, ಮೊಣಕಾಲು ಏಳಲಿಲ್ಲ. ಆಸರೆಗೆ ಕೈ ಚಾಚಿ ಎದುರಿಗಿದ್ದ ಸ್ವಾಮಿಯ ಪಾದವನ್ನೇ ಹಿಡಿದುಕೊಂಡ.

ಕಾವಲಿಗೆ ನಿಂತಿದ್ದ ಸ್ವಯಂಸೇವಕ ಬಗ್ಗಿ ಮುದುಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಒರಟಾಗಿ ಏನಲ್ಲ, ಮರ್ಯಾದೆಯಿಂದಲೇ ಬಿಡಿಸಿದ. "ಹಾಗೆ ಹಿಡೀಬೇಡಿ ಅಜ್ಜ," ಎಂದ. "ಮುನ್ನೂರು ವರ್ಷದ ಮರ, ಮುರಿದ್ರೆ ಯಾರು ಮಾಡ್ಕೊಡ್ತಾರೆ?"

ಸೆಲ್ಮೊ ತಪ್ಪಾಯಿತು ಎಂಬಂತೆ ತಲೆಯಾಡಿಸಿದ. ಲೂಮಿಂಗ್ ಓಡಿ ಬಂದು ಎತ್ತಿ, ತೋಳು ಹಿಡಿದು, ಪಕ್ಕದ ಬಾಗಿಲಿನಿಂದ ಹೊರಗೆ ಕರೆತಂದು, ಮೆಟ್ಟಿಲ ಮೇಲೆ ಕೂರಿಸಿದಳು. ನೂಕುನುಗ್ಗಲಿನಲ್ಲಿ ಅವನಿಗೂ ಹತ್ತಿ ಸಿಕ್ಕಿರಲಿಲ್ಲ. ತುಟಿ ನೀಲಿಯಾಗಿತ್ತು. ಅವನು ಗಾಳಿಯನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುವುದನ್ನು ಅವಳು ನೋಡುತ್ತಾ ಕೂತಳು. ನೋಡುವುದನ್ನು ಬಿಟ್ಟು ಮಾಡುವಂಥದ್ದು ಅವಳ ಕೈಯಲ್ಲಿ ಏನಿತ್ತು?

"ಒಳಗೆ ಏನಂತ ಕೇಳ್ಕೊಂಡೆ?" ಎಂದಳು, ಅವನ ಉಸಿರು ಸ್ವಲ್ಪ ತಹಬದಿಗೆ ಬಂದ ಮೇಲೆ. ಹೆಸರು ಕೇಳಿಕೊಂಡಿರುತ್ತಾನೆ ಎಂದು ಅವಳೆಣಿಕೆ.

"ಉಸಿರು," ಎಂದ ಸೆಲ್ಮೊ. "ಸ್ವಲ್ಪ ಉಸಿರು ಕೊಡು ಅಂದೆ."

"ಅಪ್ಪಾ, ಆ ಎದೆ ಕೆತ್ತಿದವನು ನೀನು. ಉಸಿರು ನಿಂತ ಎದೆ ಅಂತಲೇ ಕೆತ್ತಿದ್ದು."

"ಗೊತ್ತು ಕಣೇ." ಅವನು ಮಗಳ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. "ಆದ್ರೆ ಇನ್ಯಾರನ್ನ ಕೇಳ್ಲಿ?"

ಆಯೋಗವನ್ನು ಕೇಳಿಯಾಗಿತ್ತು, ವಿಜ್ಞಾನವನ್ನು ಕೇಳಿಯಾಗಿತ್ತು, ಡಾಕ್ಟರನ್ನೂ ಕೇಳಿಯಾಗಿತ್ತು. ತಲೆಯ ಮೇಲಿದ್ದ ಕರವಸ್ತ್ರವನ್ನು ಬಿಚ್ಚಿ ಅಪ್ಪನ ಹಣೆಯ ಬೆವರು ಒರೆಸಿದಳು. ಗೋಡೆಗೆ ಒರಗಿ ಕೂರು, ಎಲ್ಲೂ ಹೋಗಬೇಡ, ಈಗ ಬಂದೆ ಎಂದಳು.

ಸಾಲು ಆಗಲೇ ಬೀದಿ ದಾಟಿ ಮೀನಿನ ಮಾರುಕಟ್ಟೆಯ ತನಕ ಹೋಗಿತ್ತು. ಅವಳನ್ನು ಕಂಡು ಒಬ್ಬಿಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ಹತ್ತಿ ಕೊಡುವ ಕೈ ಅದೇ, ಕೊಡುವುದಿಲ್ಲ ಎಂದ ಬಾಯಿಯೂ ಅದೇ ಎಂದು ಲೂಮಿಂಗಳಿಗೆ ಗೊತ್ತಿತ್ತು. ಅವಳು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.